‘ಎಲ್ಲಿ ನೋವು?’ ಎಂಬ ಪ್ರಶ್ನೆ ಸಾಕಾಗದ ಕಡೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಮಾತು ಶುರು ಮಾಡುವುದೇ ‘ಏನು ತೊಂದರೆ, ಎಲ್ಲಿ ನೋವು?’ ಎಂದು. ಹೊರರೋಗಿ ವಿಭಾಗ ನಿಂತಿರುವುದು ಈ ಪ್ರಶ್ನೆಯ ಮೇಲೆ. ನೋವು ಬಂದವರು ಬರುತ್ತಾರೆ, ಚೀಟಿ ಮಾಡಿಸುತ್ತಾರೆ, ಸರದಿಯಲ್ಲಿ ಕೂರುತ್ತಾರೆ, ನೋಯುವ ಜಾಗ ತೋರಿಸುತ್ತಾರೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮುಂದೆ ಮಾತ್ರ ಈ ಪ್ರಶ್ನೆ ಕೈಕೊಡುತ್ತದೆ. ಕೂತಲ್ಲೇ ಕೂತು ಪೃಷ್ಠದ ಚರ್ಮ ಸಾಯುತ್ತಿದ್ದರೂ ಅವರಿಗೆ ಉರಿಯುವುದಿಲ್ಲ. ಮೂತ್ರಕೋಶ ಬಿರಿಯುವಷ್ಟು ತುಂಬಿದರೂ ಅವಸರವಾಗುವುದಿಲ್ಲ. ಕಾಲಿನ ಮೂಳೆ ಮುರಿದದ್ದು ಊತ ಕಂಡ ಮೇಲಷ್ಟೇ ತಿಳಿಯುತ್ತದೆ. ಹೊಟ್ಟೆಯೊಳಗೆ ಕರುಳುಬಾಲ ಒಡೆದರೂ ಕಿರುಚುವ ನೋವು ಬಾರದಿರಬಹುದು. ನಮಗೆಲ್ಲ ಶತ್ರುವಿನಂತೆ ಕಾಣುವ ನೋವು ಹಗಲಿರುಳು ಎಂಥ ಕಾವಲು ಕಾಯುತ್ತದೆ ಎಂಬುದು ಇವರ ಬದುಕನ್ನು ನೋಡಿದಾಗ ಅರ್ಥವಾಗುತ್ತದೆ.

ನೋವು ಹೇಳಬೇಕಾದದ್ದನ್ನು ಇವರ ವಿಷಯದಲ್ಲಿ ಬೇರೆ ಯಾರಾದರೂ ಹುಡುಕಿ ಹೇಳಬೇಕು. ಆ ಕೆಲಸ ದೊಡ್ಡಾಸ್ಪತ್ರೆಯ ನರಶಸ್ತ್ರಚಿಕಿತ್ಸಕರದ್ದಲ್ಲ. ಊರಿನ ಶುಶ್ರೂಷಾಧಿಕಾರಿ, ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದ್ದು. ನಮ್ಮಲ್ಲಿ ಆಗಿರುವುದು ತಿರುಗುಮುರುಗು. ಬೆನ್ನುಹುರಿ ಎಂದ ಕೂಡಲೇ ‘ಇದು ನಮ್ಮ ಕೈಯಲ್ಲಿ ಆಗುವುದಲ್ಲ, ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದು ಕೆಳಗಿನವರು ಕೈತೊಳೆಯುತ್ತಾರೆ. ಮೇಲಿನವರು ಹೊಲಿಗೆ ಬಿಚ್ಚಿ ಮನೆಗೆ ಕಳಿಸುತ್ತಾರೆ. ರೋಗಿ ನಡುವೆ ಉಳಿಯುತ್ತಾನೆ.

ಯಾರಿವರು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ಒಂದೂವರೆ ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಹಾನಿಯೊಂದಿಗೆ ಬದುಕುತ್ತಿದ್ದಾರೆ. ಶ್ರೀಮಂತ ದೇಶಗಳಲ್ಲಿ ಇವರು ಹೆಚ್ಚಾಗಿ ವಾಹನ ಅಪಘಾತಕ್ಕೆ ಸಿಕ್ಕವರು, ಇಲ್ಲವೇ ಇಳಿವಯಸ್ಸಿನಲ್ಲಿ ಜಾರಿ ಬಿದ್ದವರು. ನಮ್ಮಲ್ಲಿ ರಸ್ತೆಯ ಜೊತೆಗೆ ಎತ್ತರದಿಂದ ಬೀಳುವುದೂ ದೊಡ್ಡ ಕಾರಣ. ಸಾರ್ವೆಯ ಮೇಲೆ ನಿಂತ ಗಾರೆಯವರು, ತಡೆಗೋಡೆಯಿಲ್ಲದ ತಾರಸಿಯಲ್ಲಿ ಮಲಗಿದವರು, ಕಟ್ಟೆಯಿಲ್ಲದ ಬಾವಿಗೆ ಬಿದ್ದವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಮಲೆನಾಡು, ಕರಾವಳಿಗಳಲ್ಲಾದರೆ ಅಡಿಕೆ ಮರ. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಮರ ಹತ್ತಿ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಬೇಕು. ಪಾಚಿ ಹಿಡಿದ ಮರ ಆಗಲೇ ಅತಿ ಹೆಚ್ಚು ಜಾರುತ್ತದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಕೂಲಿ ಏರಿದ್ದಕ್ಕೆ ಗೊಣಗುವ ತೋಟದವರು ಆ ಕೂಲಿಯಲ್ಲಿ ಬೆನ್ನಿನ ಬೆಲೆಯೂ ಸೇರಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಈಚೆಗೆ ಉದ್ದನೆಯ ಫೈಬರ್ ದೋಟಿಗಳು ಬಂದು ನೆಲದ ಮೇಲೆ ನಿಂತೇ ಕೊನೆ ಕೊಯ್ಯುವುದು, ಔಷಧ ಹೊಡೆಯುವುದು ಹೆಚ್ಚುತ್ತಿದೆ. ಬೆನ್ನುಹುರಿಯ ಮಟ್ಟಿಗೆ ಮುನ್ನೆಚ್ಚರಿಕೆ ಎಂದರೆ ಮೊದಲನೆಯದು ಅದೇ. ಇನ್ನು ಬೆನ್ನುಮೂಳೆಯ ಕ್ಷಯದಿಂದ ಕಾಲಿನ ಸ್ವಾಧೀನ ಕಳೆದುಕೊಳ್ಳುವವರು ನಮ್ಮ ದೇಶದಲ್ಲಿ ಇಂದಿಗೂ ಇದ್ದಾರೆ.

ಬಿದ್ದ ಮೇಲಿನ ಕಥೆ ಬಹುಪಾಲು ಒಂದೇ ಥರ. ಜೀಪಿನಲ್ಲೋ ಆಂಬುಲೆನ್ಸಿನಲ್ಲೋ ಊರಿಂದೂರಿಗೆ ಸಾಗಿಸಿ, ರಾಡು-ಸ್ಕ್ರೂ ಹಾಕಿ, ಒಂದೆರಡು ವಾರದಲ್ಲಿ ಮನೆಗೆ. ಕೈಯಲ್ಲಿ ಬಿಡುಗಡೆ ಚೀಟಿ, ಮೂತ್ರಕ್ಕೆ ಹಾಕಿದ ಪೈಪು, ಅದಕ್ಕೊಂದು ಚೀಲ. ‘ಆರು ವಾರ ಬಿಟ್ಟು ಬನ್ನಿ’ ಎಂಬ ಸಾಲು. ಆ ಆರು ವಾರದಲ್ಲೇ ಎಷ್ಟೋ ಜನರಿಗೆ ಬೆನ್ನ ಬುಡದಲ್ಲಿ ಅಂಗೈಯಗಲದ ಹುಣ್ಣಾಗಿರುತ್ತದೆ.

ಬೆನ್ನುಹುರಿ ಹಾನಿಗೊಳಗಾದವರು ಉಳಿದವರಿಗಿಂತ ಬೇಗ ಸಾಯುವ ಸಂಭವ ಎರಡರಿಂದ ಐದು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೋಗ್ಯ ವ್ಯವಸ್ಥೆ ದುರ್ಬಲವಾಗಿರುವ ದೇಶಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದು. ಸಾವು ತರುವುದು ಹೆಚ್ಚಾಗಿ ಮುರಿದ ಮೂಳೆಯಲ್ಲ. ಚರ್ಮದಿಂದ, ಮೂತ್ರದಿಂದ, ಶ್ವಾಸಕೋಶದಿಂದ ಹತ್ತುವ ನಂಜು.

ಇದು ಹೊಸದಾಗಿ ಕಂಡುಕೊಂಡ ಸತ್ಯವೇನಲ್ಲ. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ನರವೈದ್ಯ ಲುಡ್ವಿಗ್ ಗಟ್‌ಮನ್ ಅವರಿಗೆ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗ ವಹಿಸಿದಾಗ, ಇಂಥ ಸೈನಿಕರನ್ನು ಮೂಲೆಯಲ್ಲಿ ಮಲಗಿಸಿ ಸಾವಿಗೆ ಕಾಯುವುದೇ ರೂಢಿಯಾಗಿತ್ತು. ಗಟ್‌ಮನ್ ಹೊಸ ಔಷಧ ಕಂಡುಹಿಡಿಯಲಿಲ್ಲ. ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವಂತೆ ಮಾಡಿದರು, ಮೂತ್ರಕೋಶದ ನಿಗಾ ವಹಿಸಿದರು, ಹಾಸಿಗೆ ಬಿಟ್ಟು ಎಬ್ಬಿಸಿ ಆಟಕ್ಕೆ ಹಚ್ಚಿದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಆ ಆಸ್ಪತ್ರೆಯ ಅಂಗಳದಲ್ಲಿ, 1948ರ ಆಟಗಳಿಂದ. ನಮ್ಮ ಪಕ್ಕದ ವೆಲ್ಲೂರಿನಲ್ಲಿ, 1954ರ ರಸ್ತೆ ಅಪಘಾತದಲ್ಲಿ ಸ್ವತಃ ಕಾಲುಗಳ ಸ್ವಾಧೀನ ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಲ್ಲೊಂದು ಪುನರ್ವಸತಿ ಕೇಂದ್ರವನ್ನೇ ಕಟ್ಟಿದರು. ವಿದ್ಯೆ ನಮ್ಮ ಬಳಿಗೆ ಬಂದು ಅರ್ಧ ಶತಮಾನ ಮೀರಿದೆ. ಅದು ಹೋಬಳಿಯ ತನಕ ಇಳಿದಿಲ್ಲ, ಅಷ್ಟೆ.

ಮೊದಲನೆಯದು ಚರ್ಮ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ. ನಾವು ಕೂತಲ್ಲಿ ಅರಿವಿಲ್ಲದೆಯೇ ನಿಮಿಷಕ್ಕೊಮ್ಮೆ ಮಿಸುಕಾಡುತ್ತೇವೆ. ಸ್ಪರ್ಶಜ್ಞಾನ ಇಲ್ಲದವರು ಮಿಸುಕಾಡುವುದಿಲ್ಲ. ಮೂಳೆಗೂ ಕುರ್ಚಿಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಒಳಗಿನಿಂದ ಸಾಯತೊಡಗುತ್ತದೆ. ಆದ್ದರಿಂದಲೇ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಮುಂದಕ್ಕೆ ಬಾಗಿ ಅಥವಾ ಪಕ್ಕಕ್ಕೆ ವಾಲಿ ಒಂದೆರಡು ನಿಮಿಷ ಭಾರ ಇಳಿಸಬೇಕು. ಕೈಯೂರಿ ಒಂದು ಕ್ಷಣ ಮೇಲೆದ್ದು ಕೂತರೆ ಸಾಲದು; ರಕ್ತ ಮರಳಿ ಹರಿಯಲು ಅಷ್ಟು ಹೊತ್ತು ಬೇಕೇ ಬೇಕು. ದಿನಕ್ಕೆ ಎರಡು ಸಲ ಕನ್ನಡಿ ಹಿಡಿದು ಬೆನ್ನ ಬುಡ, ಪೃಷ್ಠ, ಹಿಮ್ಮಡಿ ನೋಡಿಕೊಳ್ಳಬೇಕು. ಪುಸ್ತಕಗಳಲ್ಲಿ ‘ಚರ್ಮ ಕೆಂಪಾಗುತ್ತದೆ’ ಎಂದಿರುತ್ತದೆ. ಅದು ಬಿಳಿ ಚರ್ಮ ನೋಡಿ ಬರೆದ ಮಾತು. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿ ಇಲ್ಲವೇ ನೇರಳೆಯಾಗಿ ಕಾಣುತ್ತದೆ, ಮುಟ್ಟಿದರೆ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ಕೆಂಪನ್ನೇ ಹುಡುಕುತ್ತ ಕೂತ ನರ್ಸ್ ಮೊದಲ ಹಂತವನ್ನು ತಪ್ಪಿಸಿಕೊಂಡರೆ ಆಶ್ಚರ್ಯವಿಲ್ಲ. ಕಣ್ಣಿಗಿಂತ ಕೈಯ ಹಿಂಬದಿಯನ್ನು ನಂಬುವುದು ಮೇಲು.

ಔಷಧದಂಗಡಿಯಲ್ಲಿ ಸಿಗುವ, ನಡುವೆ ತೂತಿರುವ ಗಾಳಿಯ ಬಳೆಯನ್ನು ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದ ತಂದುಕೊಡುತ್ತಾರೆ. ಅದು ಉಪಕಾರಕ್ಕಿಂತ ಅಪಕಾರ ಮಾಡುತ್ತದೆ. ಅಂಚು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಬರುವುದನ್ನೇ ತಡೆಯುತ್ತದೆ. ಇನ್ನು ಮಲೆನಾಡಿನ ಬಚ್ಚಲ ಹಂಡೆಯ ಕುದಿನೀರು, ಚಳಿಗೆ ಕಾಲ ಬುಡದಲ್ಲಿಡುವ ಬಿಸಿನೀರ ಚೀಲ, ತೊಡೆಯ ಮೇಲೆ ಚಾರ್ಜಿಗೆ ಹಾಕಿದ ಮೊಬೈಲು, ಸೀದಾ ಒಲೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡ ಪಾತ್ರೆ. ಇವೆಲ್ಲ ಸುಟ್ಟಮೇಲೆ, ಅದೂ ವಾಸನೆಯಿಂದಲೋ ಗುಳ್ಳೆಯಿಂದಲೋ ತಿಳಿಯುವ ಸುಡುವಿಕೆಗಳು. ಆಶಾ ಕಾರ್ಯಕರ್ತೆ ಮನೆಯೊಳಗೆ ಹೋಗಿ ನೋಡಿದರೆ ಕಾಣಿಸುತ್ತವೆ. ಆಸ್ಪತ್ರೆಯಲ್ಲಿ ಕೂತ ತಜ್ಞರಿಗೆ ಕಾಣಿಸುವುದಿಲ್ಲ.

ಹಣದ ಲೆಕ್ಕ ಹಾಕಿದರೆ ಸಿಟ್ಟು ಬರುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಸಿಗುತ್ತದೆ. ಆದರೆ ಇಂಥ ವಿಮೆಯ ಮೂಲ ಒಪ್ಪಂದವೇ ಒಳರೋಗಿಯಾಗಿ ಸೇರುವುದು. ಹುಣ್ಣು ಮೂಳೆ ಮುಟ್ಟಿ, ಬೇರೆಡೆಯ ಮಾಂಸ ತಿರುಗಿಸಿ ಮುಚ್ಚುವ ಶಸ್ತ್ರಚಿಕಿತ್ಸೆ ಬೇಕಾದಾಗ ಸರ್ಕಾರ ಹಣ ಕೊಡುತ್ತದೆ. ಆ ಹುಣ್ಣಾಗದಂತೆ ತಡೆಯುವ ಒಳ್ಳೆಯ ಕುರ್ಚಿ ದಿಂಬಿಗೆ ಆ ಯೋಜನೆಯ ಕಾರ್ಡು ಉಪಯೋಗಕ್ಕೆ ಬರುವುದಿಲ್ಲ. ಶಸ್ತ್ರಚಿಕಿತ್ಸೆ ಆದವನು ಅದೇ ಕುರ್ಚಿಗೆ, ಅದೇ ದಿಂಬಿಗೆ ಮರಳುತ್ತಾನೆ.

ಹಣವೊಂದೇ ಇದ್ದರೂ ಸಾಲದು ಎಂಬುದಕ್ಕೆ ಹಾಲಿವುಡ್ ನಟ ಕ್ರಿಸ್ಟೊಫರ್ ರೀವ್ ಸಾಕ್ಷಿ. 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ ಅವರಿಗೆ ಹಗಲಿರುಳು ಆರೈಕೆ ಮಾಡುವವರಿದ್ದರು. 2004ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರು ಚಿಕಿತ್ಸೆ ಪಡೆಯುತ್ತಿದ್ದುದು ನಂಜೇರಿದ ಒತ್ತಡದ ಹುಣ್ಣಿಗೆ. ಹಾಗೆಂದು ಕೈಚೆಲ್ಲುವುದಲ್ಲ, ಈ ಕಾವಲಿಗೆ ರಜೆ ಇಲ್ಲ ಎಂದಷ್ಟೇ ಅರ್ಥ.

ಎರಡನೆಯದು ಮೂತ್ರ. ಅದರ ಬಗ್ಗೆ ಮಾತನಾಡಲು ಮನೆಯವರಿಗೂ ಸಂಕೋಚ, ವೈದ್ಯರಿಗೂ ಅವಸರ. ಆಸ್ಪತ್ರೆಯಲ್ಲಿ ಹಾಕಿದ ಖಾಯಂ ಪೈಪು ಹಾಗೇ ವರ್ಷಗಟ್ಟಲೆ ಉಳಿದುಬಿಡುತ್ತದೆ, ಏಕೆಂದರೆ ಅದನ್ನು ತೆಗೆದು ಬೇರೆ ವಿಧಾನ ಕಲಿಸುವ ಹೊಣೆ ಯಾರದ್ದೂ ಅಲ್ಲ. ಖಾಯಂ ಪೈಪು ಸೋಂಕಿಗೆ ತೆರೆದ ಬಾಗಿಲು; ಅದರಿಂದ ಕಲ್ಲು ಕಟ್ಟುತ್ತದೆ, ದಶಕಗಟ್ಟಲೆ ಇದ್ದರೆ ಮೂತ್ರಕೋಶದ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಅಮೆರಿಕದ ಮಿಶಿಗನ್ನಿನ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಬೇರೊಂದು ದಾರಿ ತೋರಿಸಿದರು. ನಾಲ್ಕರಿಂದ ಆರು ಗಂಟೆಗೊಮ್ಮೆ ರೋಗಿ ತಾನೇ ತೆಳುವಾದ ನಳಿಕೆ ಹಾಕಿ ಮೂತ್ರ ಖಾಲಿ ಮಾಡಿ, ನಳಿಕೆಯನ್ನು ತೆಗೆದುಬಿಡುವುದು. ಶಸ್ತ್ರಚಿಕಿತ್ಸಾ ಕೊಠಡಿಯ ಶುದ್ಧತೆ ಬೇಡ, ಸೋಪಿನಿಂದ ತೊಳೆದ ಕೈ ಸಾಕು. ಆಗಿನ ವೈದ್ಯಲೋಕಕ್ಕೆ ಇದು ಹುಚ್ಚೆನಿಸಿತ್ತು. ಮೂತ್ರಕೋಶ ಅತಿಯಾಗಿ ತುಂಬಿ ಹಿಗ್ಗದಂತೆ ನೋಡಿಕೊಳ್ಳುವುದೇ ಅವರ ಯುಕ್ತಿಯ ತಿರುಳು; ಒಮ್ಮೆಗೆ ಅರ್ಧ ಲೀಟರು ಮೀರಬಾರದು. ಕೈಯಾಡುವವರಿಗೆ ಇದನ್ನು ಕಲಿಸಲು ಒಳ್ಳೆಯ ನರ್ಸಿಗೆ ಕೆಲವು ದಿನ ಸಾಕು. ಶಾಲೆಯಲ್ಲಿ, ಕಚೇರಿಯಲ್ಲಿ ಕೈ ತೊಳೆಯಲು ನೀರಿರುವ, ಗಾಲಿಕುರ್ಚಿ ಒಳಹೋಗುವ ಶೌಚಾಲಯ ಇಲ್ಲದಿದ್ದರೆ ಕಲಿತದ್ದೂ ಮೂಲೆಗೆ. ಆಗ ಜನ ಏನು ಮಾಡುತ್ತಾರೆ? ನೀರು ಕುಡಿಯುವುದನ್ನೇ ಬಿಡುತ್ತಾರೆ. ಕಲ್ಲಿಗೆ ಅದು ರಹದಾರಿ.

ಇಲ್ಲೇ ಇನ್ನೊಂದು ತಪ್ಪು ದಿನವೂ ನಡೆಯುತ್ತದೆ. ನಳಿಕೆ ಬಳಸುವವರ ಮೂತ್ರವನ್ನು ಪರೀಕ್ಷೆಗೆ ಕಳಿಸಿದರೆ ಬಹುಪಾಲು ಸಲ ಬ್ಯಾಕ್ಟೀರಿಯ ಇರುತ್ತದೆ. ವರದಿ ನೋಡಿದ ಕೂಡಲೇ ಆಂಟಿಬಯಾಟಿಕ್ ಬರೆದುಕೊಡುವುದು ಸುಲಭ. ಮೂತ್ರ ಕಲಕಿದ್ದರೆ, ವಾಸನೆ ಬಂದರೆ ಅದಷ್ಟೇ ಕಾರಣಕ್ಕೆ ಔಷಧ ಬೇಕಿಲ್ಲ. ಜ್ವರ, ಚಳಿ, ಇದ್ದಕ್ಕಿದ್ದಂತೆ ಕಾಲುಗಳ ಸೆಳೆತ ಹೆಚ್ಚಾಗುವುದು, ಹೊಸದಾಗಿ ಸೋರಿಕೆ, ಮೈ ಸುಸ್ತು ಇಂಥವು ಜೊತೆಗಿದ್ದರೆ ಮಾತ್ರ ಅದು ಚಿಕಿತ್ಸೆ ಬೇಡುವ ಸೋಂಕು. ಸುಮ್ಮಸುಮ್ಮನೆ ನುಂಗಿದ ಮಾತ್ರೆಗಳಿಂದ ಯಾವುದಕ್ಕೂ ಬಗ್ಗದ ಕ್ರಿಮಿ ಬೆಳೆದು, ನಿಜವಾಗಿ ಬೇಕಾದ ದಿನ ಕೈಯಲ್ಲಿ ಔಷಧವೇ ಇರುವುದಿಲ್ಲ.

ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ಬರೆದುಕೊಡುವ ಕ್ರಿಯಾಟಿನಿನ್ ಪರೀಕ್ಷೆ ಇಲ್ಲಿ ದಾರಿ ತಪ್ಪಿಸಬಹುದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಕಾಲಿನ ಸ್ನಾಯು ಕರಗಿದವರಲ್ಲಿ ಅದು ಮೊದಲೇ ಕಡಿಮೆ. ಹೀಗಾಗಿ ಕಿಡ್ನಿ ಹಾಳಾಗುತ್ತಿದ್ದರೂ ವರದಿಯಲ್ಲಿ ‘ನಾರ್ಮಲ್’ ಎಂದೇ ಇರಬಹುದು. ವರ್ಷಕ್ಕೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುವುದು ಇದಕ್ಕಾಗಿಯೇ.

ಮೂರನೆಯದು, ನನ್ನ ಮಟ್ಟಿಗೆ, ಪ್ರತಿಯೊಬ್ಬ ತುರ್ತು ವೈದ್ಯನೂ ಬಾಯಿಪಾಠ ಮಾಡಬೇಕಾದದ್ದು: ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ. ಹೆಸರು ನಾಲಿಗೆಗೆ ಕಷ್ಟ, ವಿಷಯ ಸರಳ. ಎದೆಮಟ್ಟದ ಆರನೇ ಬೆನ್ನೆಲುಬಿನಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಕೆಳಗೆಲ್ಲೋ ಒಂದು ಕಿರಿಕಿರಿ ಉಂಟಾದರೆ ರಕ್ತನಾಳಗಳು ಏಕಾಏಕಿ ಬಿಗಿಯುತ್ತವೆ, ರಕ್ತದೊತ್ತಡ ಜಿಗಿಯುತ್ತದೆ. ಮಿದುಳು ಕಳಿಸಿದ ‘ಸಾಕು’ ಎಂಬ ಆಜ್ಞೆ ಪೆಟ್ಟಾದ ಜಾಗ ದಾಟಿ ಕೆಳಗಿಳಿಯುವುದಿಲ್ಲ. ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರು, ಕೆಳಗೆ ಮೈ ತಣ್ಣಗೆ. ಕಿರಿಕಿರಿ ಎಂದರೆ ಬಹುತೇಕ ಮಡಚಿಕೊಂಡ ಮೂತ್ರದ ಪೈಪು, ತುಂಬಿದ ಮೂತ್ರಕೋಶ. ಇಲ್ಲದಿದ್ದರೆ ಗಟ್ಟಿಗಟ್ಟಿದ ಮಲ, ಒಳಬೆಳೆದ ಉಗುರು, ಬಿಗಿ ಬೆಲ್ಟು.

ಇಲ್ಲಿ ಎರಡು ಎಡವಟ್ಟುಗಳಾಗುತ್ತವೆ. ಇಂಥವರ ನಿತ್ಯದ ರಕ್ತದೊತ್ತಡವೇ 90-60ರ ಆಸುಪಾಸು. 140 ಕಂಡ ವೈದ್ಯರು ‘ಪರವಾಗಿಲ್ಲ, ಸ್ವಲ್ಪ ಜಾಸ್ತಿ ಅಷ್ಟೆ’ ಎನ್ನುತ್ತಾರೆ. ಆ ವ್ಯಕ್ತಿಗೆ ಅದು ಐವತ್ತರ ಏರಿಕೆ, ಮಿದುಳಿನಲ್ಲಿ ರಕ್ತಸ್ರಾವದ ತನಕ ಒಯ್ಯಬಲ್ಲದ್ದು. ಇನ್ನೊಂದು, ತಲೆಸುತ್ತಿದವರನ್ನು ಮಲಗಿಸುವ ಅಭ್ಯಾಸದಿಂದ ಇವರನ್ನೂ ಮಂಚದ ಮೇಲೆ ಅಂಗಾತ ಮಲಗಿಸುವುದು. ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ. ನೆಟ್ಟಗೆ ಕೂರಿಸಬೇಕು, ಬಟ್ಟೆ ಸಡಿಲಿಸಬೇಕು, ಪೈಪು ನೋಡಬೇಕು, ಮೂತ್ರ ಖಾಲಿ ಮಾಡಬೇಕು. ಎಷ್ಟೋ ಸಲ ಅಷ್ಟರಲ್ಲೇ ಇಳಿಯುತ್ತದೆ, ಇಳಿಯದಿದ್ದರೆ ಔಷಧವಿದೆ. ಕೆಲವು ದೇಶಗಳಲ್ಲಿ ಇದನ್ನೆಲ್ಲ ಅಚ್ಚುಹಾಕಿದ ಪುಟ್ಟ ಚೀಟಿಯೊಂದನ್ನು ಇಂಥವರು ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಕನ್ನಡದಲ್ಲಿ ಅಂಥದ್ದೊಂದು ಚೀಟಿ ಮಾಡಲು ಒಂದು ಮಧ್ಯಾಹ್ನ ಸಾಕು. ರೋಗಿ ಅದನ್ನು ಚಾಚಿದಾಗ ‘ನನಗೇ ಪಾಠ ಹೇಳುತ್ತೀಯಾ’ ಎನ್ನದ ವೈದ್ಯರು ಬೇಕು. ಈ ವಿಷಯದಲ್ಲಿ ರೋಗಿಗೆ ವೈದ್ಯರಿಗಿಂತ ಹೆಚ್ಚು ಗೊತ್ತಿರುವುದು ಅಪರೂಪವಲ್ಲ.

ಮಲವಿಸರ್ಜನೆಗೆ ದಿನವೂ ಒಂದೇ ಹೊತ್ತು, ಊಟ-ತಿಂಡಿಯಾದ ಮೇಲಿನ ಹೊತ್ತು, ಗೊತ್ತು ಮಾಡಿಕೊಳ್ಳಬೇಕು. ಅದೂ ಕಲಿಸಬೇಕಾದ ವಿದ್ಯೆಯೇ. ಕೆಮ್ಮಲು ಬಲವಿಲ್ಲದವರಿಗೆ ನ್ಯುಮೋನಿಯ ಮಾರಕ. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ ಹಾಕಿಸಬೇಕು.

ಇವೆಲ್ಲದರ ನಡುವೆ ಮರೆತೇಹೋಗುವುದು ಎಲ್ಲರಿಗೂ ಬರುವ ಕಾಯಿಲೆಗಳು. ಮೈಗೆ ಚಲನೆ ಇಲ್ಲದ್ದರಿಂದ ಸಕ್ಕರೆ ಕಾಯಿಲೆ, ಹೃದ್ರೋಗ ಇವರಿಗೆ ಬೇಗ ಬರುತ್ತವೆ, ಮತ್ತು ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಹೃದಯಾಘಾತವೂ ಎದೆನೋವಿಲ್ಲದೆ ಬರಬಹುದು. ಸ್ನಾಯು ಕರಗಿ ಕೊಬ್ಬು ಕೂತಿರುವುದರಿಂದ ಎತ್ತರ-ತೂಕದ ಮಾಮೂಲಿ ಸೂಚ್ಯಂಕ (ಬಿಎಂಐ) ನಂಬುವಂತಿಲ್ಲ. 22 ದಾಟಿದರೇ ಸ್ಥೂಲಕಾಯವೆಂದು ಪರಿಗಣಿಸಬೇಕೆಂಬುದು ತಜ್ಞರ ಸಲಹೆ. ಅದಿರಲಿ, ಮೊದಲು ತೂಕ ನೋಡುವುದಾದರೂ ಹೇಗೆ? ಆಸ್ಪತ್ರೆಯ ತಕ್ಕಡಿಯ ಮೇಲೆ ನಿಲ್ಲಬೇಕು. ನಿಲ್ಲಲಾಗದವರ ಚೀಟಿಯಲ್ಲಿ ಆ ಜಾಗ ಖಾಲಿ. ಅಡಿಕೆ ಮಂಡಿಯಲ್ಲೂ ಅಕ್ಕಿ ಗಿರಣಿಯಲ್ಲೂ ಚೀಲ ತೂಗುವ, ನೆಲಕ್ಕೆ ಹತ್ತಿರವಿರುವ ಅಗಲ ತಕ್ಕಡಿ ಇರುತ್ತದೆ. ಗಾಲಿಕುರ್ಚಿ ಸಮೇತ ಅದರ ಮೇಲೆ ಹತ್ತಿಸಿ, ಕುರ್ಚಿಯ ತೂಕ ಕಳೆದರೆ ಆಯಿತು. ಅಡಿಕೆಗೆ ಸಿಗುವ ತಕ್ಕಡಿ ಅಡಿಕೆ ಮರದಿಂದ ಬಿದ್ದವನಿಗೆ ಸಿಗುವುದಿಲ್ಲ ಎಂದರೆ ನಗಬೇಕೋ ಅಳಬೇಕೋ.

ಹೆಂಗಸರ ಪಾಡು ಇನ್ನೊಂದು ತೂಕ. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಎತ್ತರದ ಮೇಜು ಹತ್ತಬೇಕು. ಹತ್ತಿಸಲು ಜನರಿಲ್ಲ ಎಂದು ತಪಾಸಣೆಯೇ ಬಿಟ್ಟುಹೋಗುತ್ತದೆ. ಬೆನ್ನುಹುರಿ ಹಾನಿಯಾದ ಹೆಣ್ಣು ಗರ್ಭ ಧರಿಸಬಲ್ಲಳು, ಹೆರಬಲ್ಲಳು. ಆದರೆ ಪೆಟ್ಟು ಮೇಲ್ಮಟ್ಟದ್ದಾದರೆ ಹೆರಿಗೆ ನೋವೇ ತಿಳಿಯದಿರಬಹುದು. ಆಗ ಏರುವ ರಕ್ತದೊತ್ತಡವನ್ನು ಗರ್ಭಿಣಿಯರ ನಂಜು (ಪ್ರಿ-ಎಕ್ಲಾಂಪ್ಸಿಯಾ) ಎಂದು ತಪ್ಪಾಗಿ ತಿಳಿದರೆ ಚಿಕಿತ್ಸೆಯೂ ದಾರಿ ತಪ್ಪುತ್ತದೆ. ‘ಇವಳಿಗೇಕೆ ಮಗು’ ಎಂಬ ಮಾತನ್ನು ದಾಟಿ ಬಂದವಳನ್ನು ಮೊದಲ ತಿಂಗಳಿಂದಲೇ ಗಮನಿಸುವವರು ಬೇಕು.

ಕಾನೂನಿನಲ್ಲಿ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಮು, ಆದಾಯದ ಮಿತಿಗೊಳಪಟ್ಟು, ವಿಶೇಷವಾಗಿ ಹಳ್ಳಿಗಳಲ್ಲಿ ವಾಸಸ್ಥಳದ ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ, ಚಿಕಿತ್ಸೆಯಲ್ಲಿ ಆದ್ಯತೆ ಎನ್ನುತ್ತದೆ. ಎಲ್ಲ ಭಾಗಗಳಿಗೂ ಎಂಬುದನ್ನು ಗಮನಿಸಿ. ನಮ್ಮ ಕಟ್ಟಡಗಳಲ್ಲಿ ಇಳಿಜಾರು ದಾರಿ ಬಾಗಿಲ ತನಕ ಬಂದು ನಿಲ್ಲುತ್ತದೆ. ಒಳಗಿನ ಮಂಚ, ಶೌಚಾಲಯ, ಎಕ್ಸ್‌ರೇ ಕೋಣೆ ಹಳೆಯ ಕಾಲದಲ್ಲೇ ಇರುತ್ತವೆ. ಹತ್ತಿಸಲಾಗದ್ದಕ್ಕೆ ಕುರ್ಚಿಯಲ್ಲಿ ಕೂತಂತೆಯೇ ಪರೀಕ್ಷೆ ಮುಗಿಸಿದರೆ, ಬೆನ್ನ ಬುಡದ ಚರ್ಮವನ್ನು ನೋಡಿದವರು ಯಾರು?

ಯಾರು ಮಾಡಬೇಕು ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋದರೆ, ಅಲ್ಲಿನ ಕನ್ನಡಿಗರೂ ಸೇರಿದಂತೆ ಕೇರಳದವರಿಗೆ ಪಂಚಾಯಿತಿ ಮಟ್ಟದ ಉಪಶಾಮಕ ಆರೈಕೆಯ (ದೀರ್ಘ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಸೇವೆಯ) ನರ್ಸ್ ಮನೆಗೇ ಬರುತ್ತಾರೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಶುರುವಾದ ಕೆಲಸ ಊರವರ ಚಂದಾ, ಸ್ವಯಂಸೇವಕರ ದುಡಿಮೆಯಿಂದ ಬೆಳೆದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಬೆನ್ನುಹುರಿಯವರೂ ಅದರೊಳಗೆ ಬಂದರು. ಪೈಪು ಬದಲಿಸುವುದು, ಹುಣ್ಣು ತೊಳೆಯುವುದು ಮನೆಯ ಜಗಲಿಯಲ್ಲೇ ಆಗುತ್ತದೆ. ನಮ್ಮಲ್ಲಿ ಆ ಪ್ರಮಾಣದ ವ್ಯವಸ್ಥೆ ಬೆಳೆದಿಲ್ಲ. ಆದರೆ ನಮ್ಮಲ್ಲೂ ಬಿಡಿ ತುಂಡುಗಳಿವೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಹಲವರು ಸ್ವತಃ ವಿಕಲಚೇತನರು. ಅಲ್ಪ ಗೌರವಧನಕ್ಕೆ ದುಡಿಯುವ ಅವರ ದಿನ ಕಳೆಯುವುದು ಹೆಚ್ಚಾಗಿ ಗುರುತಿನ ಚೀಟಿ, ಪಿಂಚಣಿಯ ಅರ್ಜಿಗಳಲ್ಲಿ. ಅವರು ಒಂದು ಇಲಾಖೆ, ಆಶಾ ಇನ್ನೊಂದು ಇಲಾಖೆ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬ ಪಟ್ಟಿ ಮೊದಲಿನವರ ಬಳಿ, ಬಿಪಿ ಯಂತ್ರ ಎರಡನೆಯವರ ಕಡೆ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿಪಿ, ಸಕ್ಕರೆಯನ್ನು ಮನೆಬಾಗಿಲಲ್ಲೇ ನೋಡುವ ಏರ್ಪಾಡಿದೆ. ಅದೇ ತಂಡ ಪುನರ್ವಸತಿ ಕಾರ್ಯಕರ್ತರ ಪಟ್ಟಿ ಹಿಡಿದು ಹೊರಟು, ಚೀಲದಲ್ಲಿ ಒಂದು ಹಿಡಿಕೆಯ ಕನ್ನಡಿ, ಒಂದೆರಡು ಬದಲಿ ನಳಿಕೆ ಇಟ್ಟುಕೊಂಡರೆ ಹೊಸ ಯೋಜನೆಗೆ ಹೊಸ ಹೆಸರು ಹುಡುಕುವ ಕಷ್ಟವೂ ತಪ್ಪುತ್ತದೆ.

‘ದಿನಕ್ಕೆ ನೂರು ಜನ ನೋಡುವ ವೈದ್ಯನಿಗೆ ಇದೂ ಒಂದು ಹೊರೆಯೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಬಯಲು ಸೀಮೆಯಲ್ಲಿ ಮೂವತ್ತು ಸಾವಿರ, ಮಲೆನಾಡಿನಲ್ಲಿ ಇಪ್ಪತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಅಷ್ಟು ಜನರಲ್ಲಿ ಇಂಥವರ ಸಂಖ್ಯೆ ಚಿಕ್ಕದು. ವರ್ಷಕ್ಕೊಮ್ಮೆ ತಲೆಗೆ ಅರ್ಧ ಗಂಟೆ, ತಿಂಗಳಿಗೊಮ್ಮೆ ನರ್ಸಿನ ಒಂದು ಭೇಟಿ. ಸಂಖ್ಯೆ ಕಡಿಮೆ ಎಂಬ ಕಾರಣಕ್ಕೇ ಇವರು ಯಾವ ರಾಷ್ಟ್ರೀಯ ಕಾರ್ಯಕ್ರಮದ ಕಾಲಮ್ಮಿನಲ್ಲೂ ಬರುವುದಿಲ್ಲ. ಅದೇ ಕಾರಣಕ್ಕೆ ನೋಡಿಕೊಳ್ಳುವುದು ಸಾಧ್ಯವೂ ಹೌದು.

ಆ ಭೇಟಿಯಲ್ಲಿ ‘ನಿದ್ದೆ ಹೇಗಿದೆ, ಮನಸ್ಸು ಹೇಗಿದೆ’ ಎಂದೂ ಕೇಳಬೇಕು. ಇವರಲ್ಲಿ ಖಿನ್ನತೆ ಸಾಮಾನ್ಯ, ಆತ್ಮಹತ್ಯೆಯ ಅಪಾಯವೂ ಹೆಚ್ಚು. ಬಿದ್ದವನು ಮನೆಯ ದುಡಿಯುವ ಕೈಯಾಗಿದ್ದರೆ ಸಾಲವೂ ಮೌನವೂ ಒಟ್ಟಿಗೆ ಬಂದಿರುತ್ತವೆ. ಹಾಗೆಯೇ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವವರು ಯಾರೆಂದೂ ನೋಡಬೇಕು. ಬಹುತೇಕ ಹೆಂಡತಿ, ಇಲ್ಲವೇ ಅರವತ್ತು ದಾಟಿದ ತಾಯಿ. ತನಗಿಂತ ಭಾರದ ಮೈಯನ್ನು ಎತ್ತಿ ಎತ್ತಿ ಅವಳ ಸೊಂಟ ಹಿಡಿದಿರುತ್ತದೆ. ಅವಳಿಗೆ ನೋವು ತಿಳಿಯುತ್ತದೆ, ಆದರೆ ಹೇಳುವುದಿಲ್ಲ. ನರ್ಸ್ ಬಂದ ದಿನ ಆ ತಾಯಿಯನ್ನೂ ಕೂರಿಸಿ, ಬಿಪಿ ಪಟ್ಟಿಯನ್ನು ಅವಳ ತೋಳಿಗೂ ಒಮ್ಮೆ ಸುತ್ತಬೇಕು.